ಹುಳು ಓಡೋಯ್ತು, ತಮಟೆ ಕೇಳಿಸ್ತಿಲ್ಲ: ಸ್ಕ್ರ್ಯಾಚ್ ಕಲಿಸುವಾಗ ಬರುವ ತೊಂದರೆಗಳನ್ನು ಹುಡುಕುವುದು ಹೇಗೆ

"ಮಿಸ್, ನನ್ ಹುಳ ಓಡೋಗ್ಬಿಡ್ತು!"

ಶಿಡ್ಲಘಟ್ಟದಲ್ಲಿ ಶನಿವಾರ ಮಧ್ಯಾಹ್ನ ನಾನು ನಡೆಸುವ ಪುಟ್ಟ ಕ್ಲಾಸಿನಲ್ಲಿ ಮೊದಲ ಕೂಗು ಹೆಚ್ಚಾಗಿ ಇದೇ. ಐದು ಕಂಪ್ಯೂಟರ್, ಹನ್ನೊಂದು ಮಕ್ಕಳು. ಬಣ್ಣದ ಬ್ಲಾಕ್‌ಗಳನ್ನು ಜೋಡಿಸಿ ಅನಿಮೇಷನ್ ಮಾಡುವ ಸ್ಕ್ರ್ಯಾಚ್ ತೆರೆದ ತಕ್ಷಣ ಒಂದು ಬೆಕ್ಕು ಬರುತ್ತೆ. ಆದರೆ ನಮ್ಮ ಮಕ್ಕಳಿಗೆ ಬೆಕ್ಕಿಗಿಂತ ರೇಷ್ಮೆ ಹುಳುವೇ ಹತ್ತಿರ. ಮನೆಯಲ್ಲಿ ಸೊಪ್ಪು ಹಾಕಿ, ತಟ್ಟೆ ಬದಲಾಯಿಸಿ ಬಂದವರು ಅವರು. ಅದಕ್ಕೇ ನಮ್ಮ ಮೊದಲ ಅನಿಮೇಷನ್ ಹುಳುವಿನದು. ಎರಡನೆಯದು ತಮಟೆಗೆ ಕುಣಿಯುವ ಹುಡುಗನದು.

ಸ್ಕ್ರ್ಯಾಚ್ ಅನ್ನು ಅಮೆರಿಕದ ಎಂಐಟಿ ಮೀಡಿಯಾ ಲ್ಯಾಬ್‌ನಲ್ಲಿ ಮಾಡಿದರು. 2007ರಲ್ಲಿ ಎಲ್ಲರಿಗೂ ಸಿಕ್ಕಿತು. ಈಗ ನಾವು ಬಳಸುವ 3.0 ಆವೃತ್ತಿ ಬಂದಿದ್ದು 2019ರ ಜನವರಿಯಲ್ಲಿ. 8ರಿಂದ 16 ವರ್ಷದ ಮಕ್ಕಳನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದ್ದು. ಇನ್ನೂ ಓದಲು ಬಾರದ ಪುಟಾಣಿಗಳಿಗೆ ಸ್ಕ್ರ್ಯಾಚ್ ಜೂನಿಯರ್ ಬೇರೆಯೇ ಇದೆ, ಅದರ ಬ್ಲಾಕ್‌ಗಳಲ್ಲಿ ಅಕ್ಷರದ ಬದಲು ಚಿತ್ರಗಳಿರುತ್ತವೆ. ಇಲ್ಲಿ ಬರೆದಿರುವುದು ದೊಡ್ಡ ಮಕ್ಕಳ ಸ್ಕ್ರ್ಯಾಚ್ ಬಗ್ಗೆ.

## ಮೌಸ್ ಕಿತ್ತುಕೊಳ್ಳುವ ಮೊದಲು

ಮಗು ಕೂಗಿದ ಕೂಡಲೇ ನಮ್ಮ ಕೈ ಮೌಸ್ ಕಡೆ ಹೋಗುತ್ತೆ. ಅದನ್ನು ತಡೆಯಿರಿ. ನೀವು ಸರಿ ಮಾಡಿಕೊಟ್ಟರೆ ಮಗು ಕಲಿಯೋದು "ಮಿಸ್ ಮಾಡ್ತಾರೆ" ಅನ್ನೋದನ್ನು ಮಾತ್ರ. ಪಕ್ಕದಲ್ಲಿ ಕೂತು, "ಮೇಲಿಂದ ಓದು ಪುಟ್ಟಾ, ಒಂದೊಂದೇ ಬ್ಲಾಕ್ ಏನು ಹೇಳುತ್ತೆ?" ಅಂತ ಕೇಳಿ. ಎಷ್ಟೋ ಸಲ ಮೂರನೇ ಬ್ಲಾಕಿಗೆ ಬರುವಷ್ಟರಲ್ಲಿ ಮಗುವೇ "ಅಯ್ಯೋ" ಅಂತ ತಪ್ಪನ್ನು ಹಿಡಿದಿರುತ್ತೆ.

ಭಾಷೆಯ ವಿಷಯವೂ ಇದೆ. ನನ್ನ ಮಕ್ಕಳು ನನ್ನ ಜೊತೆ ಕನ್ನಡದಲ್ಲಿ, ತಮ್ಮತಮ್ಮಲ್ಲಿ ತೆಲುಗಿನಲ್ಲಿ ಮಾತಾಡುತ್ತಾರೆ. ಪರದೆಯ ಮೇಲಿರೋದು ಇಂಗ್ಲಿಷ್. ಅದಕ್ಕೇ ನಾವು ಬಣ್ಣದ ಮೇಲೆ ಕರೆಯುತ್ತೇವೆ. ನೀಲಿ ಅಂದರೆ ಚಲನೆ, ನೇರಳೆ ಅಂದರೆ ರೂಪ, ಗುಲಾಬಿ ಅಂದರೆ ಸದ್ದು, ಹಳದಿ ಅಂದರೆ ಯಾವಾಗ ಶುರು, ಕಿತ್ತಳೆ ಅಂದರೆ ಎಷ್ಟು ಸಲ, ಎಷ್ಟು ಹೊತ್ತು. ಸಂಗೀತದ ಬ್ಲಾಕ್‌ಗಳು ಮಾತ್ರ ಮೊದಲಿಗೆ ಕಾಣುವುದಿಲ್ಲ. ಎಡಗಡೆ ಕೆಳಮೂಲೆಯ ಗುಂಡಿ ಒತ್ತಿ ‘ಮ್ಯೂಸಿಕ್’ ಆರಿಸಿದರೆ ಹಸಿರು ಬಣ್ಣದಲ್ಲಿ ಬರುತ್ತವೆ. "ಮ್ಯೂಸಿಕ್ ಬ್ಲಾಕೇ ಇಲ್ಲ" ಅನ್ನುವ ದೂರಿಗೆ ಇಷ್ಟೇ ಉತ್ತರ.

## ಹಸಿರು ಬಾವುಟ ಒತ್ತಿದರೂ ಏನೂ ಆಗುವುದಿಲ್ಲ

ಬಾವುಟ ಅಂದರೆ ಎಲ್ಲವನ್ನೂ ಶುರು ಮಾಡುವ ಗುಂಡಿ. ಅದನ್ನು ಒತ್ತಿ ಮೊದಲು ಬ್ಲಾಕ್‌ಗಳ ಅಂಚು ನೋಡಿ. ಓಡುತ್ತಿರುವ ಬ್ಲಾಕ್ ಸಾಲಿನ ಸುತ್ತ ಹಳದಿ ಹೊಳಪು ಬರುತ್ತೆ. ಹೊಳಪು ಬಂದರೆ ಕೆಲಸ ಶುರುವಾಗಿದೆ, ತಪ್ಪು ಒಳಗಡೆ ಎಲ್ಲೋ ಇದೆ ಅಂತ ಅರ್ಥ. ಬರಲಿಲ್ಲ ಅಂದರೆ ಕೆಲಸ ಶುರುವೇ ಆಗಿಲ್ಲ.

ಶುರುವಾಗದಿದ್ದರೆ ಸಾಲಿನ ತಲೆಯಲ್ಲಿ ಹಳದಿ ಬ್ಲಾಕ್ ಇದೆಯಾ ನೋಡಿ. ಅದರ ಮೇಲ್ಭಾಗ ದುಂಡಗಿರುವುದರಿಂದ ನಾವು ಟೋಪಿ ಅಂತ ಕರೆಯುತ್ತೇವೆ. ಟೋಪಿ ಇಲ್ಲದ ಸಾಲಿಗೆ ಬಾವುಟ ಒತ್ತಿದ್ದು ಗೊತ್ತೇ ಆಗುವುದಿಲ್ಲ. ಟೋಪಿ ಇದ್ದೂ ಕೆಳಗಿನ ಬ್ಲಾಕ್‌ಗೂ ಅದಕ್ಕೂ ನಡುವೆ ಕೂದಲೆಳೆಯಷ್ಟು ಜಾಗ ಉಳಿದಿರಬಹುದು. ಟೋಪಿಯನ್ನು ಹಿಡಿದು ಎಳೆಯಿರಿ. ಇಡೀ ಸಾಲು ಜೊತೆಗೆ ಬಂದರೆ ಅಂಟಿದೆ, ಟೋಪಿ ಒಂದೇ ಬಂದರೆ ಅಂಟಿಲ್ಲ.

ಹೊಳಪು ಬರುತ್ತಿದೆ, ಆದರೆ ನೋಡುತ್ತಿರುವ ಪಾತ್ರ ಅಲುಗುತ್ತಿಲ್ಲ ಅಂದರೆ ಬ್ಲಾಕ್‌ಗಳು ಬೇರೆ ಪಾತ್ರಕ್ಕೆ ಸೇರಿವೆ. ನಮ್ಮಲ್ಲಿ ಅತಿ ಹೆಚ್ಚು ಆಗುವ ತಪ್ಪು ಇದು. ಹುಳುವಿಗೆ ಹಾಕಬೇಕಾದ್ದನ್ನು ಹಿಪ್ಪುನೇರಳೆ ಎಲೆಗೆ ಹಾಕಿರುತ್ತಾರೆ! ಬಲಗಡೆ ಕೆಳಗೆ ಯಾವ ಪಾತ್ರದ ಸುತ್ತ ಬಣ್ಣದ ಚೌಕ ಇದೆಯೋ ಬ್ಲಾಕ್‌ಗಳು ಅದರವು. ತಪ್ಪಾಗಿದ್ದರೆ ಅಳಿಸಬೇಕಿಲ್ಲ. ಸಾಲನ್ನು ಎಳೆದುಕೊಂಡು ಹೋಗಿ ಸರಿಯಾದ ಪಾತ್ರದ ಚಿತ್ರದ ಮೇಲೆ ಬಿಟ್ಟರೆ ಅಲ್ಲಿಗೆ ಒಂದು ನಕಲು ಹೋಗುತ್ತೆ.

## ಪಾತ್ರ ಮಾಯವಾಗಿದೆ

ಅಳುವ ಮಗುವಿಗೆ ಮೊದಲು ಹೇಳಬೇಕಾದ್ದು, ಅಳಿಸಿ ಹೋಗಿಲ್ಲ. ಕೆಳಗಿನ ಪಟ್ಟಿಯಲ್ಲಿ ಅದರ ಚಿತ್ರ ಇದೆ ಅಂದರೆ ಹುಳು ಇದೆ.

ಪಾತ್ರವನ್ನು ಆರಿಸಿ, ಅಲ್ಲೇ ಮೇಲೆ ಕಾಣುವ ಕಣ್ಣಿನ ಗುರುತು ನೋಡಿ. ಅಡ್ಡಗೆರೆ ಎಳೆದ ಕಣ್ಣು ಆರಿಸಿದ್ದರೆ ‘ಹೈಡ್’ ಆಗಿದೆ, ಇನ್ನೊಂದು ಕಣ್ಣನ್ನು ಒತ್ತಿ. ಆಮೇಲೆ ಸೈಜ್. 100 ಇರಬೇಕಾದಲ್ಲಿ 3 ಅಂತ ಇದ್ದರೆ ಹುಳು ಧೂಳಿನ ಚುಕ್ಕಿಯಷ್ಟಾಗಿದೆ. ಆಮೇಲೆ ಎಕ್ಸ್ ಮತ್ತು ವೈ. ವೇದಿಕೆಯ ಅಗಲ 480, ಎತ್ತರ 360, ನಡುವಿನ ಬಿಂದು ಸೊನ್ನೆ. ಅಂದರೆ ಎಕ್ಸ್ -240ರಿಂದ 240, ವೈ -180ರಿಂದ 180. ಎರಡರಲ್ಲೂ 0 ಬರೆದು ಎಂಟರ್ ಒತ್ತಿದರೆ ಹುಳು ನಡುವೆ ಬಂದು ನಿಲ್ಲುತ್ತೆ. ಅಷ್ಟಕ್ಕೂ ಕಾಣದಿದ್ದರೆ ಬೇರೆ ಪಾತ್ರದ ಹಿಂದೆ ಅಡಗಿದೆ. ದೊಡ್ಡ ಎಲೆಯನ್ನು ಮೌಸಿನಿಂದ ಪಕ್ಕಕ್ಕೆ ಸರಿಸಿ ನೋಡಿ.

ಇದು ಮತ್ತೆ ಮತ್ತೆ ಆಗುತ್ತಿದ್ದರೆ ಕಾರಣ ಬೇರೆ. ಬಾವುಟ ಒತ್ತಿದರೆ ಎಲ್ಲ ಮೊದಲಿನಂತಾಗುತ್ತೆ ಅಂತ ಮಕ್ಕಳು ನಂಬಿರುತ್ತಾರೆ. ಹಾಗಾಗುವುದಿಲ್ಲ. ಹಿಂದಿನ ಸಲ ಹುಳು ಎಲ್ಲಿತ್ತೋ, ಎಷ್ಟು ಚಿಕ್ಕದಾಗಿತ್ತೋ, ಅಡಗಿತ್ತೋ ಇಲ್ಲವೋ, ಅಲ್ಲಿಂದಲೇ ಶುರು. ಅದಕ್ಕೆ ಟೋಪಿಯ ಕೆಳಗೇ ನಾಲ್ಕು ಬ್ಲಾಕ್ ಹಾಕಿಸಿ: ಕಾಣಿಸು, ಸೈಜ್ ಇಷ್ಟು, ಇಲ್ಲಿಗೆ ಹೋಗು, ಈ ಕಾಸ್ಟ್ಯೂಮ್ (ಅಂದರೆ ಪಾತ್ರದ ಒಂದು ರೂಪ) ಹಾಕಿಕೋ. ಹೊಸ ಬೆಳೆಗೆ ತಟ್ಟೆ ತೊಳೆದು ಅಣಿ ಮಾಡುವ ಹಾಗೆ ಇದು ಅಂದರೆ ನಮ್ಮ ಮಕ್ಕಳಿಗೆ ಬೇಗ ಅರ್ಥವಾಗುತ್ತೆ.

## ಅಂಚಿಗೆ ಹೋಗಿ ತಿರುಗಿದಾಗ ತಲೆಕೆಳಗಾಗುತ್ತೆ

ತಿರುಗುವ ರೀತಿ ‘ಆಲ್ ಅರೌಂಡ್’ ಅಂತ ಇದೆ. ಅದನ್ನು ‘ಲೆಫ್ಟ್-ರೈಟ್’ ಮಾಡಿ. ನೀಲಿ ಬ್ಲಾಕ್‌ಗಳಲ್ಲೇ ಸಿಗುತ್ತೆ. ಇನ್ನು ಪಾತ್ರ ಹಿಂದು ಹಿಂದಕ್ಕೆ ನಡೆಯುತ್ತಿದ್ದರೆ ಮಗು ಅದನ್ನು ಎಡಕ್ಕೆ ಮುಖ ಮಾಡಿ ಬರೆದಿದೆ. ಚಿತ್ರ ಬಲಕ್ಕೆ ನೋಡುತ್ತಿದೆ ಅಂತಲೇ ಸ್ಕ್ರ್ಯಾಚ್ ಅಂದುಕೊಳ್ಳುತ್ತೆ. ಕಾಸ್ಟ್ಯೂಮ್ ಪುಟದಲ್ಲಿ ಎಲ್ಲ ಆರಿಸಿ ಅಡ್ಡಡ್ಡ ತಿರುಗಿಸಿದರೆ ಸಾಕು.

## ನಡೆಯುವ ಬದಲು ನಡುಗುತ್ತೆ, ಎಗರುತ್ತೆ

ಎರಡು ಬೇರೆ ಬೇರೆ ತೊಂದರೆ ಒಂದೇ ಥರ ಕಾಣುತ್ತವೆ.

ಬರೀ ನಡುಗುತ್ತಿದ್ದರೆ ವೇಗ ಜಾಸ್ತಿಯಾಗಿದೆ. ಒಳಗಿರುವುದನ್ನು ನಿಲ್ಲದೆ ಮತ್ತೆ ಮತ್ತೆ ಮಾಡಿಸುವ ‘ಫಾರೆವರ್’ ಒಳಗೆ ‘ನೆಕ್ಸ್ಟ್ ಕಾಸ್ಟ್ಯೂಮ್’ ಮಾತ್ರ ಇದ್ದರೆ ಸೆಕೆಂಡಿಗೆ ಸುಮಾರು 30 ಸಲ ರೂಪ ಬದಲಾಗುತ್ತೆ. ಕಣ್ಣಿಗೆ ಅದು ಹಿಡಿಯುವುದಿಲ್ಲ. ಒಳಗೆ ಒಂದು ‘ವೇಟ್’ ಹಾಕಿ 0.2 ಕೊಡಿ. ಮಗು 0.1, 0.5, 1 ಹಾಕಿ ನೋಡಲಿ. ಹುಳುವಿಗೆ 0.5 ಚೆನ್ನಾಗಿ ಒಪ್ಪುತ್ತೆ, ಅದು ಅವಸರದ ಪ್ರಾಣಿ ಅಲ್ಲ.

ಹೀಗೇ ಹಿನ್ನೆಲೆಯ ಬಣ್ಣವನ್ನೇ ಪಟಪಟ ಬದಲಾಯಿಸಿ "ಡಿಸ್ಕೋ" ಮಾಡುವುದು ಮಕ್ಕಳಿಗೆ ಬಹಳ ಇಷ್ಟ. ಹಾಗೆ ಮಾಡಲು ಬಿಡಬೇಡಿ. ಇಡೀ ಪರದೆ ಜೋರಾಗಿ ಮಿನುಗಿದರೆ ಫಿಟ್ಸ್ ತೊಂದರೆ ಇರುವ ಕೆಲವು ಮಕ್ಕಳಿಗೆ ಅಪಾಯ. ಸೆಕೆಂಡಿಗೆ ಮೂರಕ್ಕಿಂತ ಹೆಚ್ಚು ಸಲ ಮಿನುಗಬಾರದು ಅನ್ನುವುದು ವೆಬ್ ಪುಟ ಮಾಡುವವರೂ ಪಾಲಿಸುವ ನಿಯಮ. ನಮ್ಮ ಕ್ಲಾಸಿನಲ್ಲಿ ಹಿನ್ನೆಲೆ ಬದಲಾಯಿಸಲು ಕನಿಷ್ಠ 1 ಸೆಕೆಂಡ್. ಮಗು ತಲೆನೋವು, ಕಣ್ಣು ಮಂಜು ಅಂದರೆ ಪರದೆ ಆಫ್ ಮಾಡಿ, ಹೊರಗೆ ಕೂರಿಸಿ, ಮನೆಯವರಿಗೆ ತಿಳಿಸಿ.

ಇನ್ನು ಎಗರುವ ತೊಂದರೆ. ಹುಳು ಒಂದು ರೂಪದಲ್ಲಿ ಮೇಲೆ, ಇನ್ನೊಂದರಲ್ಲಿ ಕೆಳಗೆ ಕಾಣುತ್ತೆ. ಇದು ಬ್ಲಾಕ್‌ಗಳ ತಪ್ಪಲ್ಲ, ಬರೆದ ಚಿತ್ರದ್ದು. ಆರನೇ ಕ್ಲಾಸಿನ ಒಬ್ಬಳು ಹುಳುವಿನ ಬೆಳವಣಿಗೆ ಪೂರ್ತಿ ಬರೆದಿದ್ದಳು. ನಾಲ್ಕು ಜ್ವರ (ಹುಳು ಪೊರೆ ಬಿಡುವುದಕ್ಕೆ ನಮ್ಮಲ್ಲಿ ಹೀಗನ್ನುತ್ತಾರೆ), ಐದು ಹಂತ. ಪ್ರತಿ ಹಂತಕ್ಕೂ ಒಂದು ಕಾಸ್ಟ್ಯೂಮ್, ಕೊನೆಗೆ ಹಣ್ಣಾದ ಹುಳು ಚಂದ್ರಿಕೆಯಲ್ಲಿ, ಅಂದರೆ ಗೂಡು ಕಟ್ಟಲು ಬಿಡುವ ಬಿದಿರಿನ ತಟ್ಟೆಯಲ್ಲಿ, ಗೂಡು ಕಟ್ಟೋದು. ಚಿತ್ರಗಳು ಅಷ್ಟು ಮುದ್ದಾಗಿದ್ದವು. ಓಡಿಸಿದರೆ ಹುಳು ಕಪ್ಪೆಯ ಹಾಗೆ ಕುಪ್ಪಳಿಸುತ್ತಿತ್ತು. ಕಾಸ್ಟ್ಯೂಮ್ ಪುಟ ತೆರೆದು ನೋಡಿದೆವು. ಮೊದಲ ಹುಳು ಹಾಳೆಯ ಮೇಲ್ತುದಿಯಲ್ಲಿ, ಎರಡನೆಯದು ನಡುವೆ, ಮೂರನೆಯದು ಎಡಮೂಲೆಯಲ್ಲಿ! ಹಾಳೆಯ ಸರಿ ಮಧ್ಯದಲ್ಲಿ ಬೂದು ಬಣ್ಣದ ಪುಟ್ಟ ಕೂಡುಗುರುತು ಇರುತ್ತೆ. ಪಾತ್ರವನ್ನು ಅಲ್ಲಿಂದಲೇ ಸ್ಕ್ರ್ಯಾಚ್ ಹಿಡಿಯುತ್ತೆ. ಪ್ರತಿ ಕಾಸ್ಟ್ಯೂಮಿನಲ್ಲೂ ಎಲ್ಲ ಆರಿಸಿ ಆ ಗುರುತಿನ ಮೇಲೆ ಎಳೆದು ಕೂರಿಸಬೇಕು. ಅವಳು ಹತ್ತು ನಿಮಿಷ ಕೂತು ಒಂದೊಂದನ್ನೇ ಸರಿಸಿದಳು. ಈಗ ಹೊಸ ಕಾಸ್ಟ್ಯೂಮ್ ಬೇಕಾದಾಗ ಹೊಸದಾಗಿ ಬರೆಯುವುದಿಲ್ಲ. ಹಳೆಯದರ ನಕಲು ಮಾಡಿ, ಅದನ್ನೇ ತಿದ್ದುತ್ತಾಳೆ. ಆಗ ಜಾಗ ತಪ್ಪುವುದೇ ಇಲ್ಲ.

## ಸದ್ದೇ ಬರುತ್ತಿಲ್ಲ

ಮೊದಲು ಸ್ಕ್ರ್ಯಾಚ್ ಬಿಟ್ಟು ಹೊರಗಡೆ ನೋಡಿ. ಸ್ಪೀಕರಿಗೆ ಕರೆಂಟ್ ಇದೆಯಾ, ಅದರ ತಿರುಗುಣಿ ಸೊನ್ನೆಯಲ್ಲಿದೆಯಾ? ಪಿನ್ನು ಹಸಿರು ತೂತಿನಲ್ಲಿದೆಯಾ? ಗುಲಾಬಿ ತೂತು ಮೈಕಿಗೆ. ಮುಂದಿನ ತೂತಿನಲ್ಲಿ ಬರದಿದ್ದರೆ ಕಂಪ್ಯೂಟರ್ ಡಬ್ಬದ ಹಿಂದಿನ ಹಸಿರು ತೂತಿಗೆ ಹಾಕಿ ನೋಡಿ, ಜೋಡಿಸುವಾಗ ಮುಂದಿನದಕ್ಕೆ ಒಳಗಿನ ವೈರ್ ಕೊಡದೇ ಬಿಟ್ಟಿರುವುದು ಉಂಟು. ಆಮೇಲೆ ಬೇರೆ ಯಾವುದಾದರೂ ಹಾಡು ಹಾಕಿ. ಅದೂ ಕೇಳದಿದ್ದರೆ ತೊಂದರೆ ಕಂಪ್ಯೂಟರಿನದು. ಅದು ಕೇಳಿಸಿದರೆ ಸ್ಕ್ರ್ಯಾಚ್ ಒಳಗಿನದು.

ಒಳಗಿನದಾದರೆ, ಗುಲಾಬಿ ಬ್ಲಾಕನ್ನು ಸಾಲಿನಿಂದ ಹೊರಗಿಟ್ಟು ಅದೊಂದನ್ನೇ ಒತ್ತಿ. ಸದ್ದು ಬಂತು ಅಂದರೆ ಸದ್ದು ಸರಿಯಿದೆ, ಸಾಲು ಅಲ್ಲಿಯವರೆಗೆ ಬರುತ್ತಿಲ್ಲ. ಹೆಚ್ಚಾಗಿ ಮೇಲೆ ಒಂದು ‘ಫಾರೆವರ್’ ಕೂತಿರುತ್ತೆ. ಅದು ಮುಗಿಯುವುದೇ ಇಲ್ಲ, ಹಾಗಾಗಿ ಸದ್ದಿಗೆ ಸರದಿ ಬರುವುದಿಲ್ಲ. ಸದ್ದಿಗೆ ಬೇರೆ ಟೋಪಿ, ಬೇರೆ ಸಾಲು ಕೊಡಿ.

ಸದ್ದು ಬರಲಿಲ್ಲ ಅಂದರೆ ಎಲ್ಲಾದರೂ ‘ಸೆಟ್ ವಾಲ್ಯೂಮ್’ 0 ಇದೆಯಾ ನೋಡಿ. ವಾಲ್ಯೂಮ್ ಪ್ರತಿ ಪಾತ್ರಕ್ಕೂ ಬೇರೆ. ಸದ್ದುಗಳೂ ಹಾಗೇ. ಹುಡುಗನಿಗೆ ಸೇರಿಸಿದ ತಮಟೆ ಸದ್ದು ಹುಳುವಿನ ಪಟ್ಟಿಯಲ್ಲಿ ಸಿಗುವುದಿಲ್ಲ.

ಹೆಡ್‌ಫೋನ್ ಹಾಕಿದ ಮಗುವಿಗೆ "ಕೇಳ್ತಿಲ್ಲ" ಅಂದ ಕೂಡಲೇ ವಾಲ್ಯೂಮ್ ಪೂರ್ತಿ ಏರಿಸಬೇಡಿ. ಕಿವಿಯಿಂದ ತೆಗೆಸಿ, ಏರಿಸಿ, ನಿಮ್ಮ ಕಿವಿಗೆ ದೂರದಿಂದ ಹಿಡಿದು ನೋಡಿ, ಆಮೇಲೆ ಕೊಡಿ.

## ಸದ್ದು ಟಕಟಕ ಅನ್ನುತ್ತೆ, ಹಾಡು ಮುಂದೆ ಹೋಗುವುದಿಲ್ಲ

‘ಫಾರೆವರ್’ ಒಳಗೆ ‘ಸ್ಟಾರ್ಟ್ ಸೌಂಡ್’ ಹಾಕಿದ್ದಾರೆ. ಅದು ಹಾಡು ಮುಗಿಯಲು ಕಾಯುವುದಿಲ್ಲ, ಶುರು ಮಾಡಿ ಮುಂದೆ ಹೋಗುತ್ತೆ. ಸುತ್ತಿ ಬಂದು ಅದೇ ಹಾಡನ್ನು ಮತ್ತೆ ಮೊದಲಿಂದ ಶುರು ಮಾಡುತ್ತೆ. ಅದರ ಜಾಗದಲ್ಲಿ ‘ಪ್ಲೇ ಸೌಂಡ್ ಅಂಟಿಲ್ ಡನ್’ ಹಾಕಿ.

ಹಾಗೆ ಹಾಕಿದ ಮೇಲೆ ತದ್ವಿರುದ್ಧ ದೂರು ಬರಬಹುದು: ಹಾಡು ಮುಗಿಯುವವರೆಗೂ ಹುಡುಗ ಕಂಬದ ಹಾಗೆ ನಿಂತಿರುತ್ತಾನೆ. ಹಾಡೂ ನಡಿಗೆಯೂ ಒಂದೇ ಸಾಲಿನಲ್ಲಿವೆ. ಎರಡು ಟೋಪಿ, ಎರಡು ಸಾಲು ಮಾಡಿ.

## ಸರಿಗಮ ಅಪಸ್ವರವಾಗುತ್ತೆ

ಸಂಗೀತಕ್ಕೆ ಹೋಗುವ ಮಕ್ಕಳು ಮೊದಲು ಮಾಡುವುದೇ ಸರಳೆ ವರಸೆ. ಸ್ವರದ ಬ್ಲಾಕಿನಲ್ಲಿ 60 ಇರುವುದನ್ನು ನೋಡಿ 60, 61, 62, 63 ಅಂತ ಸಾಲಾಗಿ ಬರೆಯುತ್ತಾರೆ. ಕೇಳಿದರೆ ಮುಖ ಸಿಂಡರಿಸುತ್ತಾರೆ, ಏನು ತಪ್ಪು ಅಂತ ಗೊತ್ತಾಗುವುದಿಲ್ಲ. ಒಂದು ಅಂಕಿ ಹೆಚ್ಚಿದರೆ ಏರುವುದು ಅರ್ಧ ಮೆಟ್ಟಿಲು ಮಾತ್ರ, ಅಂದರೆ ಹಾರ್ಮೋನಿಯಂನ ಪಕ್ಕದ ಮನೆ, ಅದು ಕಪ್ಪಾಗಲಿ ಬಿಳಿಯಾಗಲಿ.

ಸರಳೆ ವರಸೆ ಮಾಯಾಮಾಳವಗೌಳ ರಾಗದಲ್ಲಿದೆ. ಪಾಠದ ಈ ಕ್ರಮ ಹಾಕಿಕೊಟ್ಟವರು ಪುರಂದರದಾಸರು ಅನ್ನುತ್ತಾರೆ. ಸ 60 ಅಂದುಕೊಂಡರೆ: ಸ 60, ರಿ 61, ಗ 64, ಮ 65, ಪ 67, ದ 68, ನಿ 71, ಮೇಲಿನ ಸ 72. ಶಂಕರಾಭರಣ ಬೇಕಾದರೆ 60, 62, 64, 65, 67, 69, 71, 72. ಎರಡನ್ನೂ ಒಂದಾದ ಮೇಲೊಂದು ನುಡಿಸಿ ಕೇಳಿಸಿ. ರಿ ಮತ್ತು ದ ಬದಲಾಗಿದ್ದನ್ನು ಕಿವಿಯೇ ಹೇಳುತ್ತೆ. ನನಗೆ ತುಂಬಾ ಇಷ್ಟವಾದ ಪಾಠ ಇದು.

ಪ್ರತಿ ಸಲ ಬಾವುಟ ಒತ್ತಿದಾಗ ಹಾಡಿನ ವೇಗ ಇನ್ನೂ ಹೆಚ್ಚುತ್ತಾ ಹೋದರೆ, ‘ಚೇಂಜ್ ಟೆಂಪೋ’ ಬ್ಲಾಕ್ ಹಳೆಯ ವೇಗಕ್ಕೇ ಕೂಡಿಸುತ್ತಿದೆ. ಶುರುವಿನಲ್ಲಿ ‘ಸೆಟ್ ಟೆಂಪೋ’ 60 ಹಾಕಿ.

## ಕುಣಿತ ತಾಳ ತಪ್ಪುತ್ತೆ

ಸ್ಕ್ರ್ಯಾಚ್‌ನ ಮ್ಯೂಸಿಕ್‌ನಲ್ಲಿ 18 ತಾಳವಾದ್ಯ, 21 ಸ್ವರವಾದ್ಯ ಇವೆ. ತಮಟೆ ಇಲ್ಲ. ನಮ್ಮ ಚಿಕ್ಕಬಳ್ಳಾಪುರ ಜಿಲ್ಲೆಯ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರಿಗೆ ತಮಟೆಗಾಗಿಯೇ 2023ರಲ್ಲಿ ಪದ್ಮಶ್ರೀ ಬಂತು. ಅಂಥ ಜಿಲ್ಲೆಯ ಮಕ್ಕಳು ಬೇರೆ ಡ್ರಮ್ಮಿಗೆ ಒಪ್ಪುತ್ತಾರಾ? ಮೊದಲು ಒಳಗಿರುವ ಡ್ರಮ್ಮಿನಲ್ಲಿ ತಾಳ ಕೂಡಿಸಿಕೊಳ್ಳುತ್ತೇವೆ, ಆಮೇಲೆ ನಮ್ಮದೇ ತಮಟೆ ರೆಕಾರ್ಡ್ ಮಾಡುತ್ತೇವೆ.

ಲಕ್ಷಣ ಹೀಗಿರುತ್ತೆ: ಶುರುವಿನಲ್ಲಿ ಹೆಜ್ಜೆಯೂ ಪೆಟ್ಟೂ ಒಟ್ಟಿಗೆ. ಒಂದು ನಿಮಿಷ ಕಳೆಯುವಷ್ಟರಲ್ಲಿ ಹೆಜ್ಜೆ ಒಂದು ಕಡೆ, ಪೆಟ್ಟು ಒಂದು ಕಡೆ.

ಮೊದಲು ಲೆಕ್ಕ ನೋಡಿ. ಟೆಂಪೋ 60 ಅಂದರೆ ಒಂದು ಬೀಟ್ ಒಂದು ಸೆಕೆಂಡ್. 120 ಅಂದರೆ ಅರ್ಧ ಸೆಕೆಂಡ್. ಪೆಟ್ಟು ಅರ್ಧ ಸೆಕೆಂಡಿಗೊಂದು ಬೀಳುವಾಗ ಕುಣಿತದ ‘ವೇಟ್’ 0.6 ಇದ್ದರೆ ಕೂಡುವುದಿಲ್ಲ. ಶುರುವಿನಿಂದಲೇ ಕೂಡದಿದ್ದರೆ ತಪ್ಪು ಈ ಲೆಕ್ಕದಲ್ಲಿ.

ಲೆಕ್ಕ ಸರಿಯಿದ್ದೂ ನಿಧಾನಕ್ಕೆ ಬೇರೆಯಾಗುತ್ತಿದ್ದರೆ, ಎರಡು ಸಾಲುಗಳು ತಮ್ಮತಮ್ಮ ಪಾಡಿಗೆ ಎಣಿಸುತ್ತಿವೆ. ಪ್ರತಿ ಸುತ್ತಿನಲ್ಲೂ ಒಂದು ಚೂರು ತಡವಾಗುತ್ತೆ, ಕಣ್ಣಿಗೆ ಕಾಣದಷ್ಟು. ಎರಡರ ತಡವೂ ಒಂದೇ ಅಲ್ಲ. ಆ ಚೂರುಗಳು ಸೇರಿಸೇರಿ ಒಂದು ಹೆಜ್ಜೆಯಷ್ಟಾಗುತ್ತೆ. ‘ವೇಟ್’ ಅಂಕಿಯನ್ನು ಎಷ್ಟು ತಿದ್ದಿದರೂ ಇದು ಹೋಗುವುದಿಲ್ಲ. ನಾವು ಒಂದು ಇಡೀ ಶನಿವಾರ 0.48, 0.49 ಅಂತ ತಿದ್ದುತ್ತಾ ಕಳೆದಿದ್ದೇವೆ.

ಮೆರವಣಿಗೆಯಲ್ಲಿ ಏನಾಗುತ್ತೆ? ಎಲ್ಲರೂ ಮುಂದಿರುವ ತಮಟೆಯವರ ಕೈ ನೋಡುತ್ತಾರೆ. ಯಾರೂ ಮನಸ್ಸಿನಲ್ಲಿ ಬೇರೆ ಎಣಿಸುವುದಿಲ್ಲ. ಇಲ್ಲೂ ಹಾಗೇ ಮಾಡಿ. ಡ್ರಮ್ಮಿನ ಸಾಲು ಮುಂದಾಳು. ಅದರ ‘ಫಾರೆವರ್’ ಒಳಗೆ ಮೊದಲು ‘ಬ್ರಾಡ್‌ಕಾಸ್ಟ್’ ಬ್ಲಾಕ್, ಅದರಲ್ಲಿ ಹೊಸ ಸಂದೇಶ "ಹೆಜ್ಜೆ". ಅದರ ಕೆಳಗೆ ಡ್ರಮ್ ಒಂದು ಬೀಟ್. ‘ವೇಟ್’ ಬೇಡ, ಡ್ರಮ್ ಬ್ಲಾಕ್ ತಾನೇ ಒಂದು ಬೀಟ್ ಕಾಯುತ್ತೆ. ಹುಡುಗನ ಸಾಲಿನಲ್ಲಿ "ಹೆಜ್ಜೆ ಬಂದಾಗ" ಅನ್ನುವ ಟೋಪಿ, ಕೆಳಗೆ ‘ನೆಕ್ಸ್ಟ್ ಕಾಸ್ಟ್ಯೂಮ್’. ಅಷ್ಟೇ. ಈಗ ಹತ್ತು ನಿಮಿಷ ಓಡಿಸಿದರೂ ಕಾಲು ಪೆಟ್ಟಿನ ಮೇಲೇ ಬೀಳುತ್ತೆ. ಇನ್ನಿಬ್ಬರು ಕುಣಿಯುವವರನ್ನು ಸೇರಿಸಿದರೂ ಅದೇ ಸಂದೇಶ ಸಾಕು.

ಹೀಗೆ ಮಾಡಿದ ಮೇಲೂ ಎಲ್ಲ ಪೆಟ್ಟೂ ಒಂದೇ ಅಳತೆಯಲ್ಲಿ ತಡವಾಗಿ ಕೇಳಿದರೆ ನೀವು ಬ್ಲೂಟೂತ್ ಸ್ಪೀಕರ್ ಹಾಕಿದ್ದೀರಾ ನೋಡಿ. ಅದರಲ್ಲಿ ಸದ್ದು ಸ್ವಲ್ಪ ತಡವಾಗಿಯೇ ಬರುತ್ತೆ. ವೈರಿನ ಸ್ಪೀಕರಿಗೆ ಬದಲಾಯಿಸಿ.

ರೆಕಾರ್ಡ್ ಮಾಡಿದ ತಮಟೆ ಮಾತ್ರ ತಡವಾಗುತ್ತಿದ್ದರೆ ಸೌಂಡ್ ಪುಟ ತೆರೆದು ಅಲೆಯ ಚಿತ್ರ ನೋಡಿ. ಗುಂಡಿ ಒತ್ತಿ, ಕೋಲು ಎತ್ತಿ, ಬಾರಿಸುವಷ್ಟರಲ್ಲಿ ಅರ್ಧ ಸೆಕೆಂಡ್ ಮೌನ ರೆಕಾರ್ಡ್ ಆಗಿರುತ್ತೆ. ಶುರುವಿನ ಆ ಸಪಾಟು ಗೆರೆಯನ್ನು ಆರಿಸಿ ಅಳಿಸಿ. ಸದ್ದು ಬಿರುಕು ಬಿಟ್ಟ ಹಾಗಿದ್ದರೆ ತಮಟೆ ಮೈಕಿಗೆ ತೀರಾ ಹತ್ತಿರ ಇತ್ತು, ಬಾಗಿಲ ಹತ್ತಿರ ನಿಲ್ಲಿಸಿ ಮತ್ತೆ ಬಾರಿಸಿ. ರೆಕಾರ್ಡೇ ಆಗದಿದ್ದರೆ ಬ್ರೌಸರ್ ಮೈಕಿಗೆ ಅನುಮತಿ ಕೇಳಿದಾಗ ಮಗು ‘ಬ್ಲಾಕ್’ ಒತ್ತಿರುತ್ತೆ, ವಿಳಾಸದ ಪಕ್ಕದ ಗುರುತಿನಲ್ಲಿ ಅದನ್ನು ಬದಲಾಯಿಸಬಹುದು.

ತಮಟೆಯನ್ನು ಬೆಂಕಿಗೆ ಕಾಯಿಸಿ ಹದ ಮಾಡುವುದು ದೊಡ್ಡವರ ಕೆಲಸ, ಅದೂ ಹೊರಗೆ. ಕಂಪ್ಯೂಟರ್ ಕೋಣೆಯ ಹತ್ತಿರ ಬೆಂಕಿ ಬೇಡ.

## ಹೋದ ವಾರ ಮಾಡಿದ್ದು ಸಿಗುತ್ತಿಲ್ಲ

‘ಡೌನ್‌ಲೋಡ್ಸ್’ ನೋಡಿ. ಸ್ಕ್ರ್ಯಾಚ್ 3ರ ಫೈಲಿನ ಹೆಸರು .ಎಸ್‌ಬಿ3 ಅಂತ ಮುಗಿಯುತ್ತೆ. ಅದನ್ನು ‘ಫೈಲ್’ ಒಳಗಿನ ‘ಲೋಡ್ ಫ್ರಮ್ ಯುವರ್ ಕಂಪ್ಯೂಟರ್’ನಿಂದ ತೆರೆಯಬೇಕು. ಹಳೆಯ ಸ್ಕ್ರ್ಯಾಚ್ 2 ಇದನ್ನು ತೆರೆಯುವುದಿಲ್ಲ, ಆ ಕಂಪ್ಯೂಟರ್ ಬಿಟ್ಟು ಬೇರೆಯದರಲ್ಲಿ ನೋಡಿ. ಲಾಗಿನ್ ಆಗದೆ ಮಾಡಿ, ಸೇವ್ ಮಾಡದೆ ಮುಚ್ಚಿದ್ದರೆ ಅದು ಹೋಯಿತು. ಕಂಪ್ಯೂಟರಿಗೆ ಹಾಕಿಕೊಂಡ ಸ್ಕ್ರ್ಯಾಚ್ ತಾನಾಗಿ ಸೇವ್ ಮಾಡುವುದಿಲ್ಲ. ಕರೆಂಟ್ ಹೇಳಿ ಹೋಗುವುದಿಲ್ಲ, ಅದಕ್ಕೇ ನಮ್ಮಲ್ಲಿ ಪ್ರತಿ ಹತ್ತು ನಿಮಿಷಕ್ಕೆ ಒಬ್ಬರು "ಸೇವ್!" ಅಂತ ಕೂಗುತ್ತಾರೆ. ಆ ಕೆಲಸಕ್ಕೆ ಜಗಳವೇ ನಡೆಯುತ್ತೆ. ಫೈಲಿಗೆ ಮಗುವಿನ ಹೆಸರು ಇಡಿ, ಆದರೆ ಆನ್‌ಲೈನ್ ಖಾತೆಯ ಹೆಸರಿಗೆ ನಿಜ ಹೆಸರು, ಊರು ಬೇಡ.

## ಎಲ್ಲವೂ ನಿಧಾನ, ಅಥವಾ ಬರೀ ಬಿಳಿ ಪರದೆ

ಬೇರೆ ಟ್ಯಾಬ್‌ಗಳನ್ನು ಮುಚ್ಚಿ. ಫೋನಿನ ದೊಡ್ಡ ಫೋಟೊಗಳನ್ನು ಹಿನ್ನೆಲೆ ಮಾಡಿದ್ದರೆ ತೆಗೆಸಿ. ಬಿಳಿ ಪರದೆ ಬಂದರೆ ಬ್ರೌಸರ್ ಹಳೆಯದಿರಬಹುದು. ಇಂಟರ್ನೆಟ್ ಎಕ್ಸ್‌ಪ್ಲೋರರ್‌ನಲ್ಲಿ ಸ್ಕ್ರ್ಯಾಚ್ 3 ಓಡುವುದಿಲ್ಲ, ಹೊಸ ಕ್ರೋಮ್ ಅಥವಾ ಫೈರ್‌ಫಾಕ್ಸ್ ಬೇಕು. ಅದನ್ನು ಹಾಕಿದ ಮೇಲೂ ‘ವೆಬ್‌ಜಿಎಲ್’ ಅನ್ನುವ ಮಾತು ಬಂದರೆ ಗ್ರಾಫಿಕ್ಸ್ ಕಡೆಯ ತೊಂದರೆ. ಅಲ್ಲಿಗೆ ನಿಲ್ಲಿಸಿ ರಿಪೇರಿಯವರನ್ನು ಕರೆಯಿರಿ.

ಇನ್ನೂ ಕೆಲವು ಕಡೆ ಹುಡುಕುತ್ತಾ ಕೂರಲೇಬಾರದು. ಡಬ್ಬ ಮುಟ್ಟಿದರೆ ಜುಮ್ ಅನ್ನುತ್ತೆ, ಸುಟ್ಟ ವಾಸನೆ ಬರುತ್ತೆ, ಪ್ಲಗ್ ಕಪ್ಪಾಗಿದೆ, ಯುಪಿಎಸ್ ಬಿಸಿಯಾಗಿ ಉಬ್ಬಿದೆ. ಇವುಗಳಲ್ಲಿ ಯಾವುದು ಕಂಡರೂ ಮಕ್ಕಳನ್ನು ಹೊರಗೆ ಕಳಿಸಿ, ಕಂಪ್ಯೂಟರ್ ಮುಟ್ಟದೆ ಮೇನ್ ಸ್ವಿಚ್ ಆಫ್ ಮಾಡಿ, ಎಲೆಕ್ಟ್ರಿಷಿಯನ್ನನ್ನು ಕರೆಸಿ. ಒಮ್ಮೆ ನಮ್ಮಲ್ಲಿ ಡಬ್ಬ ಜುಮ್ ಅಂದಿತ್ತು. ಬಂದು ನೋಡಿದವರು ಅರ್ಥ್ ವೈರ್ ಕೊಟ್ಟೇ ಇಲ್ಲ ಅಂದರು. ಅದು ಸರಿಯಾಗುವವರೆಗೆ ಎರಡು ಶನಿವಾರ ನಾವು ಹೊರಗೆ ಮರದ ಕೆಳಗೆ ಕೂತು, ಬ್ಲಾಕ್‌ಗಳನ್ನು ಬಣ್ಣದ ಹಾಳೆಯಲ್ಲಿ ಕತ್ತರಿಸಿ ಜೋಡಿಸಿದೆವು. ಒಬ್ಬ ಹುಡುಗ ತಮಟೆ, ಉಳಿದವರು ಹುಳು.